ರಾಬಿಗಿನ ಜಪಾನಿ ಪೆದ್ರು

ನಾನೊಬ್ಬ ಸಂಗ್ರಾಹಕ. ಹೀಗೆ ಹೇಳಿಕೊಳ್ಳುವಾಗ ನನ್ನ ಎದೆ ತುಸು ಉಬ್ಬುತ್ತದೆ. ಇದೇ ಸಂಗತಿಯನ್ನು ನನ್ನ ಹೆಂಡತಿ ಜೀನಾ ಮನೆಗೆ ಬಂದವರಿಗೆ ವಿವರಿಸುವಾಗ "ರದ್ದಿ" ಎಂಬ ಒಂದೇ ಶಬ್ದದಲ್ಲಿ ಮುಗಿಸುತ್ತಾಳೆ. ನೂರು ವರ್ಷ ಹಿಂದಿನ ಜಪಾನಿ ಪೋಸ್ಟ್‌ಕಾರ್ಡುಗಳು, ಅಲ್ಲಿಯ ಮಕ್ಕಳ ಕಾಗದದ ಆಟಗಳು, ಯುದ್ಧಕಾಲದ ರೇಷನ್ ಕೂಪನ್ನು, ಕರಪತ್ರ, ಬೆಂಕಿಪೆಟ್ಟಿಗೆಯ ಚೀಟಿ, ಇವೇ ನನ್ನ ಆಸ್ತಿ. ನನಗೆ ಜಪಾನಿ ಓದಲು ಬರುವುದಿಲ್ಲ. ಜಪಾನಿಗೆ ಹೋದವನೂ ಅಲ್ಲ. ಬೆಳ್ತಂಗಡಿಯಲ್ಲಿ ಹುಟ್ಟಿ ಸೌದಿಯ ರಾಬಿಗಿನಲ್ಲಿ ಬೇಯುತ್ತಿರುವ ಸನ್ನಿ ಕ್ರಾಸ್ತಾ ಎಂಬ ಮನುಷ್ಯನಿಗೂ ಜಪಾನಿಗೂ ಎಲ್ಲಿಯ ನಂಟು ಎಂದು ಕೇಳಿದರೆ ಹೇಳಲು ನನ್ನಲ್ಲಿ ಘನವಾದ ಉತ್ತರವೇನೂ ಇಲ್ಲ.

ನಮ್ಮ ರಿಫೈನರಿಗೆ ಜಪಾನಿ ಇಂಜಿನಿಯರುಗಳು ಬರುವುದಿತ್ತು. ಅವರಲ್ಲಿ ಮೊರಿವಾಕಿ ಎಂಬವರು ಊರಿಗೆ ಹೊರಟ ದಿನ ಮೇಜು ಖಾಲಿ ಮಾಡುತ್ತ, ಕೈಯಲ್ಲಿದ್ದ ಹಳೆಯ ಪೋಸ್ಟ್‌ಕಾರ್ಡನ್ನು ಕಸದ ಬುಟ್ಟಿಗೆ ಹಾಕುವುದೋ ಎದುರು ನಿಂತ ನನಗೆ ಕೊಡುವುದೋ ಎಂದು ಕ್ಷಣಕಾಲ ಯೋಚಿಸಿ, ನನಗೆ ಕೊಟ್ಟರು. ಕೋಬೆ ಬಂದರಿನ ಚಿತ್ರ. ಕಸದ ಬುಟ್ಟಿಯನ್ನು ಸೋಲಿಸಿದ್ದನ್ನೇ ನಾನು ದೊಡ್ಡ ಗೌರವ ಎಂದು ತಿಳಿದೆ. ಅಲ್ಲಿಂದ ಹಿಡಿದ ಹುಚ್ಚು.

ನನ್ನ ಕೆಲಸ ರಿಫೈನರಿಯ ಗೋದಾಮಿನಲ್ಲಿ. ವಾಲ್ವು, ಬೇರಿಂಗು, ಗ್ಯಾಸ್ಕೆಟ್ಟುಗಳ ಲೋಕ ಅದು. ಅಲ್ಲಿ ನಾವು ಯಾವ ಸಾಮಾನನ್ನೂ ಕಣ್ಣುಬಿಟ್ಟು ನೋಡುವುದಿಲ್ಲ, ಅದಕ್ಕೆ ಕಟ್ಟಿದ ಟ್ಯಾಗ್ ನೋಡುತ್ತೇವೆ. ಟ್ಯಾಗ್ ಸರಿಯಿದ್ದರೆ ಸಾಮಾನು ಸರಿ. ಆ ಬುದ್ಧಿಯನ್ನು ನಾನು ಮನೆಗೂ ತಂದೆ. ಪ್ರತಿ ಕಾರ್ಡಿಗೂ ಒಂದು ಪ್ಲಾಸ್ಟಿಕ್ ಕವರು, ಕವರಿಗೊಂದು ನಂಬರು, ನಂಬರಿಗೊಂದು ಖಾನೆ. ಅದೃಷ್ಟಕ್ಕೆ ಪೋಸ್ಟ್‌ಕಾರ್ಡಿನ ವಿದ್ಯೆಯೂ ಹಾಗೆಯೇ ಇದೆ. ಮುಂದಿನ ಚಿತ್ರ ನೋಡಿ ಆಹಾ ಎನ್ನುವವರು ಬರೀ ನೋಡುಗರು. ತಿಳಿದವನು ಕಾರ್ಡು ಕೈಗೆ ಬಂದ ಕೂಡಲೇ ಮಗುಚಿ ಹಿಂಬದಿ ನೋಡುತ್ತಾನೆ. ವಿಳಾಸದ ಜಾಗವನ್ನು ಬೇರೆ ಮಾಡುವ ಗೆರೆ ಎಲ್ಲಿದೆ ಎನ್ನುವುದರ ಮೇಲೆ ಕಾರ್ಡಿನ ಕಾಲ ಹೇಳಬಹುದು. ಅಚ್ಚು ಹಾಕಿದವರ ಗುರುತು, ಅಂಚೆಯ ಮೊಹರು, ಕಾಗದದ ಬಣ್ಣ, ಎಲ್ಲ ಜಾತಕವೂ ಹಿಂದೆಯೇ. ಈ ವಿಷಯದ ಮೇಲೆ ನಾನು ಊಟಕ್ಕೆ ಬಂದವರಿಗೆ ಕೊಟ್ಟಷ್ಟು ಉಪನ್ಯಾಸವನ್ನು ಯಾವ ಪ್ರೊಫೆಸರೂ ಕೊಟ್ಟಿರಲಾರ. ಊಟಕ್ಕೆ ಬರುವವರು ಕಡಿಮೆಯಾದದ್ದಕ್ಕೆ ಜೀನಾ ಬೇರೆ ಕಾರಣ ಹುಡುಕುವುದಿಲ್ಲ.

ಒಮ್ಮೆ ಪಾರ್ಸೆಲ್ ತರಲು ಹೋದಾಗ ಕೌಂಟರಿನ ಸೌದಿ ಹುಡುಗ ಲಕೋಟೆ ಬಿಚ್ಚಿ ನೋಡಿ, "ಏಶ್ ಹಾದಾ?" ಎಂದು ಕೇಳಿದ. ಇದೆಂತ ಎಂದು. ಹಳೆಯ ಕಾಗದ ಎಂದೆ. "ನಿಮ್ಮ ಮನೆಯದ್ದಾ?" ಎಂದ. ಅಲ್ಲ, ಯಾರದ್ದೋ ಎಂದೆ. ಅವನು ಕಾಯಿಲೆಯವರ ಕೈಗೆ ಔಷಧಿ ಕೊಡುವ ಹಾಗೆ ಮೆತ್ತಗೆ ಲಕೋಟೆಯನ್ನು ನನ್ನ ಕೈಯಲ್ಲಿಟ್ಟ.

ಸೌದಿಯಲ್ಲಿ ಈ ಕಾಯಿಲೆಯವನು ನಾನೊಬ್ಬನೇ ಎಂದುಕೊಂಡಿದ್ದೆ. ಇಂಟರ್ನೆಟ್ಟಿನ ಹರಾಜಿನಲ್ಲಿ ಪ್ರತಿ ಸಲವೂ ನನ್ನ ಮೇಲೆ ಬಿದ್ದು ಬೆಲೆ ಏರಿಸುವ ಒಬ್ಬ ಶತ್ರುವಿದ್ದ. ಒಂದು ದಿನ ಸಿಟ್ಟು ತಡೆಯದೆ ಅವನಿಗೆ ಮೆಸೇಜು ಹಾಕಿದರೆ ಭಟ್ಕಳದ ಯಹ್ಯಾ! ಅಲ್ ಖೋಬರಿನಲ್ಲಿ ಒಂದು ಕಂಪನಿಯ ಅಕೌಂಟೆಂಟ್. ಅವನ ಮನೆಮಾತು ನವಾಯತಿ, ನನ್ನದು ಕೊಂಕಣಿ, ಹಾಗಾಗಿ ನಮ್ಮ ಜಗಳವೆಲ್ಲ ಕನ್ನಡದಲ್ಲಿ. ನಡುವೆ ಇಡೀ ಮರುಭೂಮಿ ಇದ್ದುದರಿಂದ ಸ್ನೇಹ ಗಟ್ಟಿಯಾಗಿಯೇ ಉಳಿಯಿತು. ಯಹ್ಯಾನ ಆಸಕ್ತಿ ಒಂದೇ, ಜಪಾನಿ ಸೈನಿಕರ ಫೋಟೊ ಕಾರ್ಡುಗಳು. ಅವನ ಹೆಂಡತಿ ಝೈಬುನ್ನಿಸಾ ನಮಾಜಿನ ಮನೆಯಲ್ಲಿ ಗೋಡೆಗೆ ಮನುಷ್ಯರ ಚಿತ್ರ ಬೇಡ ಎಂದದ್ದರಿಂದ ಆ ಸೈನಿಕರೆಲ್ಲ ಆಲ್ಬಮಿನಲ್ಲಿ ಮುಚ್ಚಿಕೊಂಡು ಇರುತ್ತಾರೆ.

ನನ್ನ ಮನೆಯಲ್ಲಿ ನನಗೆ ಸಿಕ್ಕ ಜಾಗ ಒಂದು ಸ್ಟೀಲ್ ಕಪಾಟು. ಗೋಡೆಯ ಮೇಲೆ ಒಂದೇ ಒಂದು ಚಿತ್ರಕ್ಕೆ ಜೀನಾಳ ಅನುಮತಿ. ಕಂಪನಿ ಕ್ವಾರ್ಟರ್ಸಿನ ಗೋಡೆಗೆ ಹೊಸ ಮೊಳೆ ಹೊಡೆಯುವಂತಿಲ್ಲ. ಒಳಕೋಣೆಯಲ್ಲಿ ನಮ್ಮ ಪುಟ್ಟ ಆಲ್ತಾರಿನ, ಅಂದರೆ ದೇವರ ಪೀಠದ ಪಕ್ಕ, ನಮಗಿಂತ ಮೊದಲು ಇದ್ದವರು ಬಿಟ್ಟುಹೋದ ಮೊಳೆಯೊಂದಿತ್ತು. ಅದಕ್ಕೆ ನಾನು ಒಬ್ಬ ಸೈನಿಕನ ಕಾರ್ಡನ್ನು ಫ್ರೇಮ್ ಹಾಕಿಸಿ ತೂಗುಹಾಕಿದೆ. ಆ ಕಾಲದಲ್ಲಿ ಸ್ಟುಡಿಯೋದವರು ಫೋಟೊವನ್ನು ಪೋಸ್ಟ್‌ಕಾರ್ಡಿನ ಕಾಗದದ ಮೇಲೆಯೇ ಅಚ್ಚು ಹಾಕಿ ಕೊಡುತ್ತಿದ್ದರು. ಸೈನ್ಯಕ್ಕೆ ಸೇರಿದ ಹುಡುಗರು ತೆಗೆಸಿಕೊಂಡು ಮನೆಗೆ ಕಳಿಸುತ್ತಿದ್ದರು. ಇದ್ದ ಕಾರ್ಡುಗಳಲ್ಲಿ ಇದನ್ನೇ ಯಾಕೆ ಆರಿಸಿದೆ ಎಂದರೆ, ಇದರ ನಾಲ್ಕೂ ಮೂಲೆಗಳು ಚೂಪಾಗಿದ್ದವು.

ಕಳೆದ ಸೆಪ್ಟೆಂಬರಿನಲ್ಲಿ ಜೀನಾಳ ತಾಯಿ ವಿಸಿಟ್ ವೀಸಾದಲ್ಲಿ ಬಂದರು. ಹೆಸರು ಕೊಸೆಸಾಂವ್ ಬಾಯಿ, ನನಗೆ ಮಾಂಯ್. ಗಂಡ ತೀರಿಹೋಗಿ ಬಹಳ ಕಾಲವಾಗಿದೆ, ಮಕ್ಕಳೆಂದರೆ ಜೀನಾ ಒಬ್ಬಳೇ. ಕುಚ್ಚಲಕ್ಕಿ, ಹಪ್ಪಳ, ಮೆಣಸಿನಪುಡಿ, ಜಪಸರ ಹಿಡಿದುಕೊಂಡು ಬಂದವರು ಮೊದಲ ದಿನವೇ ಮನೆಯ ಗಡಿಯಾರವನ್ನು ತಮ್ಮ ಕೈಗೆ ತೆಗೆದುಕೊಂಡರು. ಸಂಜೆ ಏಳಕ್ಕೆ ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ. ಟಿವಿ ಬಂದ್, ಫೋನ್ ಬಂದ್, ಜಪಾನ್ ಬಂದ್.

ಅಂದು ತೇರ್ಸ್ ಮುಗಿಯುವಾಗ ಮಾಂಯ್ ವಾಡಿಕೆಯಂತೆ ತೀರಿಹೋದವರ ಹೆಸರು ಹೇಳಿ ಪ್ರಾರ್ಥಿಸತೊಡಗಿದರು. ಗಂಡ, ತಾಯಿ, ತಂದೆ, ಅಕ್ಕ. ಆಮೇಲೆ ತಲೆಯೆತ್ತಿ ಆಲ್ತಾರಿನ ಪಕ್ಕದ ಫ್ರೇಮು ನೋಡಿ, "ಇವರು ಯಾರು? ಸನ್ನಿಯ ಕಡೆಯವರಾ?" ಎಂದು ಕೇಳಿದರು. ಆಲ್ತಾರಿನ ಪಕ್ಕ ತೂಗುವುದು ಮನೆಯ ಸತ್ತವರನ್ನಲ್ಲದೆ ಇನ್ಯಾರನ್ನು? ಆಸ್ಪತ್ರೆಯ ಡ್ಯೂಟಿ ಮುಗಿಸಿ ದಣಿದು ಬಂದಿದ್ದ ಜೀನಾ, "ಹೌದು, ಅವನ ಕಡೆಯವರೇ," ಎಂದುಬಿಟ್ಟಳು. ಮಾಂಯ್ ಕಣ್ಣು ಮುಚ್ಚಿ ನನ್ನ ಆ ಬಂಧುವಿನ ಆತ್ಮಕ್ಕೆ 'ಆಮ್ಚ್ಯಾ ಬಾಪಾ' ಎಂಬ ಪ್ರಾರ್ಥನೆ ಒಂದು ಸಲ ಹೇಳಿದರು. ನಾನು ಆಮೆನ್ ಎಂದೆ. ಬೇರೇನು ಹೇಳುವುದು?

ಮರುದಿನ ಚಾ ಕುಡಿಯುವಾಗ ನಿಜ ಹೇಳಿದೆ.

"ಮಾಂಯ್, ಅವನು ನಮ್ಮವನಲ್ಲ. ಜಪಾನಿ. ಸಿಪಾಯಿ."

"ಹೌದಾ? ಈಗ ಬದುಕಿದ್ದಾನಾ?"

"ಎಲ್ಲಿಂದ? ಇದ್ದಿದ್ದರೆ ನೂರು ದಾಟ್ತಿತ್ತು."

"ಹಾಗಾದ್ರೆ ಸತ್ತವರ ಲೆಕ್ಕದಲ್ಲೇ ಬಂತಲ್ಲ."

"ಅವನು ಕ್ರಿಸ್ತಾಂವ್ ಅಲ್ಲ ಮಾಂಯ್. ಯುದ್ಧದಲ್ಲಿ ಯಾರ್‍ಯಾರನ್ನು ಕೊಂದಿದ್ದಾನೋ, ಎಂತ ಮಾಡಿದ್ದಾನೋ, ನಮಗೆ ಗೊತ್ತಿಲ್ಲ."

"ಅಂಥವರಿಗೆ ಪ್ರಾರ್ಥನೆ ಇನ್ನೂ ಹೆಚ್ಚು ಬೇಕು ಪುತಾ." ಮಾಂಯ್ ಬಿಸ್ಕತ್ತನ್ನು ಚಾದಲ್ಲಿ ಅದ್ದಿದರು. "ಹೆಸರೆಂತ ಅವನದ್ದು?"

"ಗೊತ್ತಿಲ್ಲ."

"ನಿನ್ನ ಮನೆಯಲ್ಲಿ ಇದ್ದಾನೆ, ಹೆಸರು ಗೊತ್ತಿಲ್ಲವಾ? ಹೆಸರಿಲ್ಲದೆ ದೇವರ ಹತ್ತಿರ ಹೇಗೆ ಹೇಳುವುದು? ಪೆದ್ರು ಅಂತ ಇಡುವ. ನೆನಪು ಮಾಡುವವರು ಇಲ್ಲದ ಆತ್ಮಗಳೇ ಪಾಪ, ಸ್ವರ್ಗಕ್ಕೆ ಹೆಚ್ಚು ಕಾಲ ಕಾಯುವುದು."

ಹೀಗೆ ಚಕ್ರವರ್ತಿಯ ಸೈನ್ಯದ ಆ ಸಿಪಾಯಿಗೆ ರಾಬಿಗಿನಲ್ಲಿ, ಮಾರಿ ಬಿಸ್ಕತ್ತಿನ ಸಾಕ್ಷಿಯಲ್ಲಿ, ನಾಮಕರಣವಾಯಿತು. ಅಕ್ಟೋಬರ್ ಬರುವಷ್ಟರಲ್ಲಿ ಪೆದ್ರು ಮನೆಯ ಜನವೇ ಆದ. ಮಾಂಯ್ ಬೆಳಿಗ್ಗೆ ಸೀರೆಯ ಸೆರಗಿನಲ್ಲಿ ಅವನ ಗಾಜು ಒರೆಸುವರು. ಹೊರಗೆ ಧೂಳಿನ ಗಾಳಿ ಎದ್ದರೆ, "ಇವತ್ತು ಎಂತ ಗಾಳಿ ಮಾರಾಯ, ನೀನು ಒಳಗೆ ಇದ್ದದ್ದು ಒಳ್ಳೆಯದಾಯ್ತು," ಎಂದು ಅವನೊಡನೆ ಮಾತಾಡುವರು. ಒಂದು ಶುಕ್ರವಾರ ನನ್ನ ಸಹೋದ್ಯೋಗಿ ಪ್ಯಾಟ್ರಿಕ್ ಊಟಕ್ಕೆ ಬಂದವನು ಒಳಕೋಣೆಗೆ ಇಣುಕಿ, "ಇದು ಕ್ರಾಸ್ತಾ ಮನೆತನದ ಮೂಗೇ, ನೋಡಿದ್ರೆ ಗೊತ್ತಾಗ್ತದೆ," ಎಂದ. ಮಾಂಯ್ ತಿದ್ದಲಿಲ್ಲ. ನಾನಂತೂ ಕನ್ನಡಿಯ ಮುಂದೆ ನಿಂತು ನನ್ನ ಮೂಗನ್ನು ಅಡ್ಡದಿಂದ ನೋಡಿಕೊಂಡೆ, ಅಷ್ಟೆ.

ನವೆಂಬರ್ ನಮ್ಮಲ್ಲಿ ಸತ್ತವರ ತಿಂಗಳು. ಒಂದನೇ ತಾರೀಕು ಮಾಂಯ್ ಘೋಷಿಸಿದರು: "ಈ ತಿಂಗಳಿಡೀ ದಿನದ ತೇರ್ಸ್ ಪೂರ್ತಿ ಪೆದ್ರುವಿಗೆ. ಮಾತು ಕೊಟ್ಟಿದ್ದೇನೆ."

"ಯಾರಿಗೆ ಮಾತು ಕೊಟ್ಟದ್ದು ಮಾಂಯ್?"

"ಪೆದ್ರುವಿಗೆ. ಮತ್ಯಾರಿಗೆ? ಡಿಸೆಂಬರಿನಲ್ಲಿ ನಾನು ಊರಿಗೆ ಹೋಗ್ತೇನಲ್ಲ, ಆಮೇಲೆ ಇವನಿಗೆ ಯಾರಿದ್ದಾರೆ?"

ಜೀನಾ ನನ್ನ ಕಡೆ ನೋಡಿದಳು. ನಾನು ಪಕ್ಕದ ಗೋಡೆಯ ಕಡೆ ನೋಡಿದೆ.

ಇನ್ನು ನನ್ನ ಸ್ವಂತ ಹರಕೆಯ ವಿಷಯ. ನನ್ನ ಕಪಾಟಿನಲ್ಲಿ ಯುದ್ಧಕಾಲದ ಮಕ್ಕಳ ಇಸ್ಪೀಟಿನಂಥ ಆಟ ಒಂದಿತ್ತು. ಜಪಾನಿನ ಮಕ್ಕಳು ಹೊಸವರ್ಷಕ್ಕೆ ಆಡುವುದು. ಒಬ್ಬರು ಓದುವ ಎಲೆಯಿಂದ ಗಾದೆಯಂಥ ಒಂದು ಸಾಲು ಓದಬೇಕು, ಉಳಿದವರು ನೆಲದ ಮೇಲೆ ಹರಡಿದ ಚಿತ್ರದ ಎಲೆಗಳಲ್ಲಿ ಅದಕ್ಕೆ ಸರಿಹೊಂದುವುದನ್ನು ತಟ್ಟಿ ಹಿಡಿಯಬೇಕು. ಸಾಲುಗಳೆಲ್ಲ ಯುದ್ಧದ ಉಪದೇಶ: ಅನ್ನ ಚೆಲ್ಲಬೇಡ, ಸೈನಿಕನಿಗೆ ಕಾಗದ ಬರೆ. ನನ್ನ ಕಟ್ಟಿನಲ್ಲಿ ಒಂದೇ ಒಂದು ಚಿತ್ರದ ಎಲೆ ಇರಲಿಲ್ಲ. ಒಂದು ಹಲ್ಲು ಬಿದ್ದವನ ನಾಲಿಗೆ ಅಲ್ಲಿಗೇ ಹೋಗುವಂತೆ ನನ್ನ ಮನಸ್ಸು ಸದಾ ಆ ಎಲೆಯ ಕಡೆಗೇ ಹೋಗುತ್ತಿತ್ತು. ನವೆಂಬರ್ ನಡುವಿನಲ್ಲಿ ಯಹ್ಯಾ ಫೋನ್ ಮಾಡಿದ.

"ಸನ್ನಿ, ನೀನು ಹುಡುಕುವ ಎಲೆ ಸಿಕ್ಕಿತು ಮಾರಾಯ. ಯಾವುದೋ ಸೈನಿಕರ ಕಾರ್ಡುಗಳ ಕಟ್ಟಿನೊಳಗೆ ಸೇರಿಕೊಂಡು ಬಂದಿದೆ. ಹುಡುಗಿ ಡಬ್ಬಿಗೆ ಚಿಲ್ಲರೆ ಹಾಕುವ ಚಿತ್ರ."

ನನ್ನ ಕೈ ಆಗಲೇ ಪರ್ಸಿಗೆ ಹೋಗಿತ್ತು. "ಎಷ್ಟು ಹೇಳ್ತೀ?"

"ದುಡ್ಡು ಯಾರಿಗೆ ಬೇಕು? ನಿನ್ನ ಗೋಡೆಯ ಮೇಲೆ ಒಬ್ಬ ಸಿಪಾಯಿ ಇದ್ದಾನಲ್ಲ, ಹಿಂದೆ ಪಲ್ಟನ್ನಿನ ನೀಲಿ ಮೊಹರು ಇರುವವನು. ಅವನನ್ನು ಕೊಡು. ಮಕ್ಕಾಕ್ಕೆ ಉಮ್ರಾ ಮಾಡ್ಲಿಕ್ಕೆ ಬರ್ತಿದ್ದೇನೆ, ವಾಪಸ್ ಹೋಗುವಾಗ ಜಿದ್ದಾದಲ್ಲಿ ಸಿಗುವ."

ಯೋಚಿಸದೆ ಒಪ್ಪಿದೆ ಎಂದು ಯಾರೂ ತಿಳಿಯಬಾರದು. ಚೆನ್ನಾಗಿಯೇ ಯೋಚಿಸಿದೆ. ಅಂಚು ಹರಿಯದಂತೆ ಕಾರ್ಡನ್ನು ಫ್ರೇಮಿನಿಂದ ಹೇಗೆ ತೆಗೆಯುವುದು ಎಂದು ಯೋಚಿಸಿದೆ. ಮಾಂಯ್ ನೆನಪಾಗಲಿಲ್ಲವೇ ಎಂದರೆ, ಆದರು. ಅದಕ್ಕೂ ನನ್ನ ಬುದ್ಧಿ ದಾರಿ ಹುಡುಕಿತು. ಕಪಾಟಿನಲ್ಲಿ ಇನ್ನೊಬ್ಬ ಸಿಪಾಯಿ ಇದ್ದ. ಅದೇ ಟೋಪಿ, ಅದೇ ಬಗೆಯ ಕುರ್ಚಿ, ಕುರ್ಚಿಯ ಮೇಲೆ ಅದೇ ಬಗೆಯ ಕೈ. ಒಂದು ಮೂಲೆ ಮಾತ್ರ ಮುರಿದಿತ್ತು. ಮಾಂಯ್ ಕನ್ನಡಕ ಹಾಕಿಕೊಂಡೂ ಉಪ್ಪಿನ ಡಬ್ಬಿಗೆ ಸಕ್ಕರೆ ತುಂಬುವವರು. ಮೂಲೆ ಮುರಿದದ್ದು ಅವರಿಗೆಲ್ಲಿ ಕಂಡೀತು? ಜಿದ್ದಾಕ್ಕೆ ಹೊರಡುವ ದಿನ, ಮಾಂಯ್ ಗಾಜು ಒರೆಸಿ ಸ್ನಾನಕ್ಕೆ ಹೋದಾಗ ಒಬ್ಬನನ್ನು ತೆಗೆದು ಇನ್ನೊಬ್ಬನನ್ನು ಒಳಗಿಟ್ಟು, ಫ್ರೇಮನ್ನು ಮೊಳೆಗೆ ಸಿಕ್ಕಿಸಿದೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೆಲಸ ಮುಗಿಯಿತೆಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಜಿದ್ದಾದ ಶರಫಿಯಾದಲ್ಲಿ ಒಂದು ಮಲಯಾಳಿ ಹೋಟೆಲಿನಲ್ಲಿ ಯಹ್ಯಾ ಸಿಕ್ಕಿದ. ಉಮ್ರಾ ಮುಗಿಸಿ ತಲೆ ನುಣ್ಣಗೆ ಬೋಳಿಸಿಕೊಂಡು ಮಗುವಿನಂತೆ ಕಾಣುತ್ತಿದ್ದ. ಪರೋಟದ ತಟ್ಟೆಗಳನ್ನು ದೂರ ಸರಿಸಿ, ಕೈ ಒರೆಸಿ, ಕಳ್ಳಸಾಗಣೆಯವರಂತೆ ಆಚೀಚೆ ನೋಡಿ, ಒಬ್ಬರಿಗೊಬ್ಬರು ಕವರು ಕೊಟ್ಟುಕೊಂಡೆವು. ಅವನು ಕಾರ್ಡು ಮಗುಚಿ ಹಿಂಬದಿ ನೋಡಿದ. ನಾನು ಎಲೆ ಮಗುಚಿ ಹಿಂಬದಿ ನೋಡಿದೆ. ಇಬ್ಬರಿಗೂ ತೃಪ್ತಿಯಾಯಿತು.

ಮನೆಗೆ ಬಂದು ಇಡೀ ಕಟ್ಟನ್ನು ಹಾಸಿಗೆಯ ಮೇಲೆ ಸಾಲಾಗಿ ಹರಡಿ, ಆ ಎಲೆಯನ್ನು ಅದರ ಜಾಗದಲ್ಲಿಟ್ಟೆ. ನನ್ನ ಮದುವೆಯ ದಿನ ಇಷ್ಟು ಖುಷಿಯಾಗಿತ್ತೋ ಇಲ್ಲವೋ ಎಂಬ ಪ್ರಶ್ನೆಯನ್ನು ಜೀನಾ ಬಾಗಿಲಲ್ಲಿ ನಿಂತೇ ಕೇಳಿದಳು. ಉತ್ತರ ಕೊಡುವಷ್ಟರಲ್ಲಿ ಏಳು ಗಂಟೆಯಾಯಿತು, ಬದುಕಿಕೊಂಡೆ.

ಮೂವರೂ ಆಲ್ತಾರ್ ಮುಂದೆ ಮೊಣಕಾಲೂರಿದೆವು. ಮಾಂಯ್ ಮೊಂಬತ್ತಿ ಹಚ್ಚಿ, ಶಿಲುಬೆಯ ಗುರುತು ಮಾಡಿ, "ಇಂದಿನ ತೇರ್ಸ್ ಪೆದ್ರುವಿನ..." ಎಂದು ತಲೆಯೆತ್ತಿದವರು ಅಲ್ಲಿಗೇ ನಿಲ್ಲಿಸಿದರು. ನಾನು ತಲೆ ತಗ್ಗಿಸಿ ಭಕ್ತಿಯಿಂದ ಇದ್ದೆ. ಅಷ್ಟು ಭಕ್ತಿ ನನ್ನಲ್ಲಿ ಮೊದಲು ಯಾರೂ ಕಂಡವರಿಲ್ಲ.

"ಇವನು ಪೆದ್ರು ಅಲ್ಲ," ಎಂದರು ಮಾಂಯ್.

"ಬೆಳಕು ಕಮ್ಮಿ ಉಂಟು ಮಾಂಯ್," ಎಂದೆ.

"ಬೆಳಕಿಗೆ ಎಂತ ಆಗಿದೆ? ಇವನು ಬೇರೆ ಹುಡುಗ. ಪೆದ್ರು ಎಲ್ಲಿ?"

ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಎನ್ನುತ್ತಾರೆ. ಜೀನಾ ನನ್ನ ಮುಖವನ್ನೊಮ್ಮೆ ನೋಡಿದಳು, ಅವಳಿಗೆ ಎಲ್ಲ ತಿಳಿಯಿತು. ಮುಚ್ಚಿಡಲು ಏನೂ ಉಳಿಯಲಿಲ್ಲ.

"ಅವನನ್ನು ಒಬ್ಬರಿಗೆ ಕೊಟ್ಟೆ ಮಾಂಯ್."

ಮಾಂಯ್ ಮುಖ ಅರಳಿತು. "ಅವನ ಮನೆಯವರು ಸಿಕ್ಕಿದ್ರಾ?"

ಆ ಮಾತಿಗಿಂತ ಅವರು ಕೆನ್ನೆಗೆ ಬಾರಿಸಿದ್ದರೆ ಸುಖವಿತ್ತು. "ಅಲ್ಲ. ಅಲ್ ಖೋಬರಿನಲ್ಲಿ ನನ್ನ ಸ್ನೇಹಿತನಿಗೆ."

"ಅವರು ಎಂತ ಮಾಡ್ತಾರೆ ಅವನನ್ನು?"

"ಆಲ್ಬಮಿನಲ್ಲಿ ಇಡ್ತಾರೆ."

"ಮತ್ತೆ?"

"ಮತ್ತೆ... ಇಡ್ತಾರೆ, ಅಷ್ಟೆ."

"ಬದಲಿಗೆ ನಿನಗೆ ಎಂತ ಸಿಕ್ಕಿತು?"

ಎದ್ದು ಹೋಗಿ ಎಲೆ ತಂದು ತೋರಿಸಿದೆ. ಮಾಂಯ್ ಅದನ್ನು ಮೊಂಬತ್ತಿಯ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. "ಚಂದ ಉಂಟು ಹುಡುಗಿ," ಎಂದು ವಾಪಸ್ ಕೊಟ್ಟರು. ಅವರ ದನಿಯಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ನಾನು ಸಿಟ್ಟು ಮಾಡಿಕೊಂಡು ಪಾರಾಗಬಹುದಿತ್ತು.

"ಮಾಂಯ್, ಹೆಸರು ಹೇಳಿ ಪ್ರಾರ್ಥನೆ ಮಾಡಿದ್ರೆ ಆಯ್ತಲ್ಲ, ಫೋಟೊ ಯಾಕೆ?" ಎಂದೆ. ಗೋದಾಮಿನವನ ತರ್ಕ.

"ಹೆಸರು ನಾನು ಇಟ್ಟದ್ದು ಪುತಾ, ಅದು ಸುಳ್ಳು ಹೆಸರು. ಮುಖ ಮಾತ್ರ ಅವನದ್ದೇ. ಅದೂ ಇಲ್ಲದಿದ್ರೆ ನಾನು ಯಾರಿಗೆ ಹೇಳುವುದು?"

ಆ ದಿನ ಮಾಂಯ್ ತೇರ್ಸನ್ನು ಯಾರ ಹೆಸರಿಗೂ ಕೊಡದೆ ಮುಗಿಸಿದರು. ಕೊನೆಗೆ ಹಿರಿಯರ ಬೆಸಾಂವ್, ಅಂದರೆ ಆಶೀರ್ವಾದ ಕೇಳುವುದು ನಮ್ಮ ಪದ್ಧತಿ. ನನ್ನ ತಲೆಯ ಮೇಲೂ ಎಂದಿನಂತೆಯೇ ಕೈಯಿಟ್ಟರು. ಊಟಕ್ಕೆ ಕುಳಿತಾಗ ಮೀನು ಮುಟ್ಟಲಿಲ್ಲ, ಹಸಿವಿಲ್ಲ ಎಂದರು. ಎರಡನೆಯ ದಿನವೂ ಹಾಗೆಯೇ. ಫ್ರೇಮಿನ ಮುಂದೆ ಸೆರಗು ಹಿಡಿದು ನಿಂತವರು, ಒರೆಸದೆ ಹೋದರು. ಶುಕ್ರವಾರದ ರಜೆಯಾದರೂ ನನಗೆ ಕಪಾಟಿನ ಮುಂದೆ ಕೂರಲು ಮನಸ್ಸಾಗಲಿಲ್ಲ. ಆ ಹುಡುಗಿಯ ಎಲೆ ನೋಡಿದರೂ ಖುಷಿಯಾಗಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎಂದು ಜೀನಾ ಬಾಯಿಬಿಟ್ಟು ಹೇಳಲಿಲ್ಲ, ಚಪಾತಿ ಬಡಿಸುವ ರೀತಿಯಲ್ಲೇ ಹೇಳಿದಳು.

ಮೂರನೆಯ ದಿನ ಶನಿವಾರ, ನನಗೆ ರಜೆ. ಯಹ್ಯಾನಿಗೆ ಫೋನ್ ಮಾಡಿ ಮರ್ಯಾದೆ ಬಿಟ್ಟು ಎಲ್ಲ ಹೇಳಿದೆ. ಅವನು ಬೈಯುತ್ತಾನೆ ಎಂದುಕೊಂಡಿದ್ದೆ. ಬದಲಿಗೆ, "ಅವರು ಅವನಿಗೋಸ್ಕರ ದಿನಾ ದುವಾ ಮಾಡ್ತಾರಾ?" ಎಂದು ಕೇಳಿದ.

"ದಿನಾ. ಸೆಪ್ಟೆಂಬರಿನಿಂದ."

"ನೀನೊಂದು ಕತ್ತೆ ಮಾರಾಯ. ನನಗೆ ಮೊದಲೇ ಹೇಳಿದ್ರೆ ನಾನು ಕೇಳ್ತಾನೇ ಇರಲಿಲ್ಲ. ಆಯ್ತು, ನನ್ನ ಎಲೆ ನನಗೆ ಕೊಡು, ನಿನ್ನ ಸಿಪಾಯಿಯನ್ನು ತಗೊ. ಝೈಬುನ್ನಿಸಾಳ ತಮ್ಮ ಅರ್ಕಮ್ ಇವತ್ತು ಸಂಜೆಯ ಫ್ಲೈಟಿಗೆ ಜಿದ್ದಾಕ್ಕೆ ಹೊರಟಿದ್ದಾನೆ, ಅವನ ಕೈಯಲ್ಲಿ ಕಳಿಸುವ. ಆದ್ರೆ ಯಾರನ್ನು ಅಂತ ಹೇಳು. ನಿನ್ನ ಕವರು ಬಿಚ್ಚಿ ಆಲ್ಬಮಿಗೆ ಹಾಕಿ ಆಯ್ತು. ಉಮ್ರಾದಿಂದ ಬಂದ ಮೇಲೆ ಇಡೀ ಆಲ್ಬಮ್ ಬದಲಿಸಿದ್ದೇನೆ, ಅಲ್ಲಿ ಒಂದು ಪಲ್ಟನ್ನೇ ಉಂಟು. ನಾನು ಆಫೀಸಿನಲ್ಲಿ ಆಡಿಟ್ ಅಂತ ಸಿಕ್ಕಿಬಿದ್ದಿದ್ದೇನೆ, ಅವಳ ಹತ್ತಿರ ಫೋಟೊ ಕಳಿಸ್ಲಿಕ್ಕೆ ಹೇಳ್ತೇನೆ. ನೋಡಿ ಹೇಳು."

ಸ್ವಲ್ಪ ಹೊತ್ತಿನಲ್ಲಿ ಆಲ್ಬಮಿನ ಪುಟಗಳ ಫೋಟೊಗಳು ಬಂದವು. ಒಂದೊಂದು ಪುಟದಲ್ಲಿ ಸಾಲು ಸಾಲು ಸಿಪಾಯಿಗಳು. ಅದೇ ಟೋಪಿ, ಅದೇ ಕುರ್ಚಿ, ಅದೇ ಕೈ. ಸೋಫಾದ ಮೇಲೆ ಕೂತು ಬೆರಳಿನಿಂದ ದೊಡ್ಡದು ಮಾಡಿ ನೋಡಿದೆ. ಚಿಕ್ಕದು ಮಾಡಿ ನೋಡಿದೆ. ಕನ್ನಡಕ ಒರೆಸಿ ನೋಡಿದೆ. ಈತ ಇರಬಹುದು ಎಂದು ಒಬ್ಬನನ್ನು ಹಿಡಿದರೆ, ಮುಂದಿನ ಪುಟದಲ್ಲಿ ಇನ್ನೊಬ್ಬ ಅವನಿಗಿಂತ ಹೆಚ್ಚು ಆತನಂತಿದ್ದ.

ಯಹ್ಯಾನಿಗೆ ಮತ್ತೆ ಫೋನ್ ಮಾಡಿದೆ. "ಹಿಂಬದಿಯದ್ದು ಕಳಿಸ್ಲಿಕ್ಕೆ ಹೇಳು ಮಾರಾಯ. ಹಿಂಬದಿ ನೋಡಿದ್ರೆ ನಾನು ಕತ್ತಲೆಯಲ್ಲೂ ಹೇಳ್ತೇನೆ. ಮೊಹರು ಬಲಕ್ಕೆ ವಾಲಿದೆ, ಗೆರೆ ನಡುವಿನಲ್ಲಿ, ಕೆಳಗೆ ಅಕ್ಕಿಕಾಳಿನಷ್ಟು ಕಂದು ಕಲೆ."

"ಅವಳಿಗೆ ಹೇಳಿದೆ. ಒಬ್ಬೊಬ್ಬನನ್ನೇ ಬಿಚ್ಚಿ ಬೆನ್ನು ನೋಡ್ಲಿಕ್ಕೆ ತಾನೇನು ಪೊಲೀಸಾ ಅಂತ ಕೇಳಿದಳು. ಅರ್ಕಮ್ ಬ್ಯಾಗ್ ಹಿಡಿದು ಬಾಗಿಲಲ್ಲಿ ನಿಂತಿದ್ದಾನಂತೆ. ಮುಖ ನೋಡಿ ಹೇಳು ಮಾರಾಯ, ನಿನ್ನ ಗೋಡೆಯ ಮೇಲೆ ಇದ್ದವನಲ್ವಾ? ಯಲ್ಲಾ, ಬೇಗ!"

ನಾನು ಮತ್ತೆ ಪುಟ ತಿರುಗಿಸುವಾಗ ಮಾಂಯ್ ಬಂದು ಪಕ್ಕದಲ್ಲಿ ಕುಳಿತರು. ಏನು ನಡೆದಿದೆ ಎಂದು ಜೀನಾ ಅವರಿಗೆ ಹೇಳಿದ್ದಳು. ಮಾಂಯ್ ನನ್ನ ಕೈಯಿಂದ ಫೋನ್ ತೆಗೆದುಕೊಳ್ಳಲಿಲ್ಲ, ಸುಮ್ಮನೆ ಬಗ್ಗಿ ನೋಡಿದರು.

"ಇವನೇ," ಎಂದು ಒಬ್ಬನ ಮೇಲೆ ಬೆರಳಿಟ್ಟರು.

ನಾನು ಎರಡು ಸಲ ದಾಟಿಹೋಗಿದ್ದ ಮುಖ ಅದು.

"ಸರಿಯಾಗಿ ನೋಡಿ ಮಾಂಯ್. ತಪ್ಪಾದ್ರೆ ಬೇರೆ ಯಾರೋ ಬರ್ತಾನೆ."

"ನೋಡ್ಲಿಕ್ಕೆ ಎಂತ ಉಂಟು? ನಗು ತಡೆದುಕೊಂಡು ನಿಂತಿದ್ದಾನೆ, ಕಾಣುದಿಲ್ವಾ? ಕ್ಯಾಮೆರಾದ ಹಿಂದೆ ಯಾರೋ ಗೆಳೆಯ ನಗಿಸ್ತಾ ಇದ್ದ. ಎಡದ ಕಿವಿ ಸ್ವಲ್ಪ ಹೊರಗೆ. ಕಾಲರಿನ ಹುಕ್ಕು ಹಾಕ್ಲಿಕ್ಕೆ ಮರೆತಿದ್ದಾನೆ. ಅವನ ಅಮ್ಮ ಫೋಟೊ ನೋಡಿ ಮೊದಲು ಅದಕ್ಕೇ ಬೈದಿರಬೇಕು."

ನಾನು ಆ ಮುಖವನ್ನು ದೊಡ್ಡದು ಮಾಡಿದೆ. ತುಟಿಯ ಒಂದು ಬದಿ ಬಿಗಿಯಾಗಿ, ಇನ್ನೊಂದು ಬದಿ ಜಾರಿಹೋಗುವಂತಿತ್ತು. ಕಾಲರಿನ ಹುಕ್ಕು ಹಾಕಿರಲಿಲ್ಲ. ಹತ್ತೊಂಬತ್ತೋ ಇಪ್ಪತ್ತೋ ವಯಸ್ಸಿನ ಹುಡುಗ. ಆರು ವರ್ಷ ನನ್ನ ಮನೆಯಲ್ಲಿದ್ದ. ಅವನ ಬೆನ್ನಿನ ಮೇಲಿನ ಅಕ್ಕಿಕಾಳಿನಷ್ಟು ಕಲೆ ನನಗೆ ಗೊತ್ತಿತ್ತು, ಅವನು ನಗು ತಡೆದುಕೊಂಡದ್ದು ಗೊತ್ತಿರಲಿಲ್ಲ. ನನಗೆ ನಿಜವಾಗಿಯೂ ನಾಚಿಕೆಯಾಯಿತು. ಫೋಟೊದ ಮೇಲೆ ಆ ಮುಖಕ್ಕೆ ಕೆಂಪು ಸುತ್ತು ಹಾಕಿ ಯಹ್ಯಾನಿಗೆ ಕಳಿಸಿದೆ. ಝೈಬುನ್ನಿಸಾ ಅದನ್ನು ಬಿಚ್ಚಿದಳಂತೆ, ಹಿಂದೆ ನೀಲಿ ಮೊಹರು ಇತ್ತಂತೆ, ಅರ್ಕಮ್ ತೆಗೆದುಕೊಂಡು ಹೊರಟನಂತೆ. ಈ ಸುದ್ದಿ ಬರುವ ತನಕ ಮೂವರೂ ಫೋನನ್ನೇ ನೋಡುತ್ತ ಸೋಫಾದ ಮೇಲೆ ಕುಳಿತಿದ್ದೆವು.

"ನಾಳೆ ಬರ್ತಾನೆ ಮಾಂಯ್. ಜಿದ್ದಾಕ್ಕೆ ಹೋಗಿ ನಾನೇ ತರ್ತೇನೆ," ಎಂದೆ.

ಮಾಂಯ್ ತಲೆಯಾಡಿಸಿದರು. ಅವರ ಮುಖದಲ್ಲಿ ಗೆಲುವು ಬಂದಿತ್ತು. ಆದರೆ ಏಳಲಿಲ್ಲ. ನನ್ನನ್ನೇ ನೋಡುತ್ತಿದ್ದರು.

"ನಿನಗೆ ಗೊತ್ತಾಗ್ಲಿಲ್ಲ ಅಲ್ವಾ ಪುತಾ?"

ಇಷ್ಟರಲ್ಲಿ ಜೀನಾ ಏನಾದರೂ ಕುಟುಕಬೇಕಿತ್ತು. ಇಂಥ ಅವಕಾಶವನ್ನು ಅವಳು ಬಿಟ್ಟವಳೇ ಅಲ್ಲ. ಅವಳು ಕಿಟಕಿಯ ಪರದೆ ಸರಿಪಡಿಸುತ್ತ ನಿಂತಳು.

"ಇಲ್ಲ ಮಾಂಯ್," ಎಂದೆ. "ನಾನು ಯಾವಾಗಲೂ ಹಿಂದೆಯೇ ನೋಡುವುದು. ಅಭ್ಯಾಸ."

ಮಾಂಯ್ ನಕ್ಕರು. ನಗುತ್ತಲೇ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟರು. "ಒಂದು ಹೇಳ್ತೇನೆ, ಬೇಜಾರು ಮಾಡ್ಬೇಡ. ನನಗೆ ಇರುವುದು ನೀವಿಬ್ಬರೇ. ನಾನು ಹೋದ ಮೇಲೆ ನನ್ನ ಫೋಟೊ ಫ್ರೇಮ್ ಹಾಕಿಸುವುದೂ ನೀನೇ, ಗೋಡೆಗೆ ತೂಗುವುದೂ ನೀನೇ. ತೂಗುವ ಮುಂಚೆ ಒಮ್ಮೆ ಮುಂದಿನ ಬದಿ ನೋಡು ಪುತಾ. ಬೇರೆ ಯಾವ ಅಜ್ಜಿಯೋ ಆಗಿಬಿಟ್ಟರೆ ಜೀನಾಳಿಗೆ ಕಷ್ಟ."

ಜೀನಾ ಅಲ್ಲಿಂದ ಒಳಗೆ ಹೋದಳು. ನನಗೂ ನಗು ಬರಬೇಕಿತ್ತು, ಮಾಂಯ್ ನಗಿಸಲೆಂದೇ ಹೇಳಿದ್ದು. ಆದರೆ ಬರಲಿಲ್ಲ. "ಆಯ್ತು ಮಾಂಯ್," ಎಂದು ಮೊದಲು ಫೋನಿನ ಕಡೆ ನೋಡಿಕೊಂಡು ಹೇಳಿದೆ. ಅವರ ಮುಖ ನೋಡಿ ಅದನ್ನೇ ಇನ್ನೊಮ್ಮೆ ಹೇಳಲು ಸ್ವಲ್ಪ ಹೊತ್ತು ಹಿಡಿಯಿತು.